ವಾಚನಾಲಯದ ಸರ್ವರ್ ಏಳಲಿಲ್ಲ: ಡೆಬಿಯನ್ 13ಕ್ಕೆ ಏರಿಸಿದ ವಾರದ ಟಿಪ್ಪಣಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ತುಸು ಒಳಗೆ ನಮ್ಮೂರ ವಾಚನಾಲಯ ಇದೆ. ಅದರ ಹಿಂದಿನ ಕೋಣೆಯಲ್ಲಿ, ಹಳೆಯ ವಾರಪತ್ರಿಕೆಗಳ ಕಪಾಟಿನ ಪಕ್ಕ, ಒಂದು ಟವರ್ ಸರ್ವರ್ ಹಗಲೂ ರಾತ್ರಿಯೂ ಓಡುತ್ತದೆ. 2011ರ ಮಾದರಿ. ನಾಲ್ಕು ಕೋರಿನ ಕ್ಸಿಯಾನ್ ಪ್ರೊಸೆಸರ್, 8 ಜಿಬಿ ರ್‍ಯಾಮ್, ಮೇಲೊಂದು ಕೆಳಗೊಂದು ಟ್ರೇಯಲ್ಲಿ 2 ಟಿಬಿಯ ಎರಡು ಹಾರ್ಡ್ ಡಿಸ್ಕ್. ಯಂತ್ರವನ್ನು ಎಬ್ಬಿಸುವ ಒಳತಂತ್ರಾಂಶ ಹೊಸ ಬಗೆಯ ಯುಇಎಫ್‌ಐ ಅಲ್ಲ, ಹಳೆಯ ಬಯೋಸ್. 2019ರಲ್ಲಿ ಮಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದು, ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 10 ಹಾಕಿ, ಎರಡು ಡಿಸ್ಕನ್ನೂ ಸಾಫ್ಟ್‌ವೇರ್ ರೈಡ್ 1ರಲ್ಲಿ, ಅಂದರೆ ಒಂದರ ನಕಲು ಇನ್ನೊಂದರಲ್ಲಿ ಇರುವ ಹಾಗೆ, ಜೋಡಿಸಿ ಕೂರಿಸಿದವನು ನಾನು. ಅಂದಿನಿಂದ ಅದರ ಚಾಕರಿಯೂ ನನ್ನದೇ.

ಅದರೊಳಗೆ ಇರುವುದು ಸುತ್ತಲಿನ ಮನೆಗಳಿಂದ ಒಟ್ಟುಮಾಡಿದ ತಾಳಮದ್ದಳೆಯ ಧ್ವನಿಮುದ್ರಣ. ಮದುವೆ ಮನೆ, ಗೃಹಪ್ರವೇಶ, ದೇವಸ್ಥಾನದ ಚಂದ್ರಶಾಲೆ, ಎಲ್ಲೆಲ್ಲೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟುಗಳು. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿದು, ಕೆಲವು ಒಮ್ಮೆ ಓಡಿ ತುಂಡಾದವು. ಆ ಒಂದು ಓಟದಲ್ಲಿ ಕಂಪ್ಯೂಟರಿಗೆ ಇಳಿದದ್ದಷ್ಟೇ ಉಳಿಕೆ. ಅಲ್ಲಿರುವ ಕೆಲವು ಅರ್ಥಧಾರಿಗಳ ದನಿ ಬೇರೆ ಯಾರ ಹತ್ತಿರವೂ ಇಲ್ಲ. ಆದ್ದರಿಂದ ಈ ಯಂತ್ರ ಏಳದ ದಿನ ನನಗೆ ಊಟ ಸೇರುವುದಿಲ್ಲ. ಕಳೆದ ಅಕ್ಟೋಬರಿನಲ್ಲಿ ಅದು ಒಂದೇ ವಾರದಲ್ಲಿ ಎರಡು ಸಲ ಏಳಲಿಲ್ಲ. ಎರಡಕ್ಕೂ ಕಾರಣ ಬೇರೆ. ಎರಡನೆಯ ಕಾರಣವಂತೂ ಐದು ವರ್ಷದಿಂದ ಅಲ್ಲೇ ಮಲಗಿತ್ತು. ಹಳೆಯ ಸರ್ವರ್ ನೋಡಿಕೊಳ್ಳುವ ಬೇರೆಯವರಿಗೂ ಉಪಯೋಗವಾದೀತೆಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಶನಿವಾರ ಮತ್ತು ಆದಿತ್ಯವಾರ

ಯಂತ್ರದಲ್ಲಿ ಇದ್ದದ್ದು ಡೆಬಿಯನ್ 11. ಅದಕ್ಕೆ ಸಿಗುವ ದೀರ್ಘಾವಧಿ ಬೆಂಬಲ 2026ರ ಆಗಸ್ಟಿಗೆ ಮುಗಿಯುತ್ತದೆ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು. ಎರಡು ತಿಂಗಳು ಕಾದು, ಅಕ್ಟೋಬರ್ 25ರ ಶನಿವಾರ ಕೆಲಸಕ್ಕೆ ಇಳಿದೆ. ಡೆಬಿಯನ್‌ನಲ್ಲಿ 11ರಿಂದ 13ಕ್ಕೆ ಒಂದೇ ನೆಗೆತ ನಡೆಯುವುದಿಲ್ಲ. 12ನ್ನು ಮೆಟ್ಟಿಯೇ ಹೋಗಬೇಕು. ಮೊದಲು ಎಲ್ಲ ಧ್ವನಿಮುದ್ರಣವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬಿಚ್ಚಿ ಮನೆಗೆ ತಂದೆ. ಇದನ್ನು ಮಾಡದೆ ನಾನು ಯಾವ ಅಪ್‌ಗ್ರೇಡಿಗೂ ಕೈ ಹಾಕುವುದಿಲ್ಲ.

12ಕ್ಕೆ ಏರಿದ್ದು ಸಲೀಸು. ಒಂದೇ ಗಮನಿಸಬೇಕಾದದ್ದು: 12ರಿಂದ ಫರ್ಮ್‌ವೇರ್ ಪ್ಯಾಕೇಜುಗಳಿಗೆ ಬೇರೆಯೇ ವಿಭಾಗ ಆಗಿದೆ. ಸೋರ್ಸ್ ಪಟ್ಟಿಯಲ್ಲಿ 'ನಾನ್-ಫ್ರೀ-ಫರ್ಮ್‌ವೇರ್' ಎಂದು ಸೇರಿಸದಿದ್ದರೆ ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ಹಳೆಯದರಲ್ಲೇ ನಿಲ್ಲುತ್ತದೆ. ಸೇರಿಸಿದೆ, ರೀಬೂಟ್ ಮಾಡಿದೆ, ಎದ್ದಿತು.

ಆದಿತ್ಯವಾರ ರಾತ್ರಿ ಮನೆಯಿಂದಲೇ ಎಸ್‌ಎಸ್‌ಎಚ್ ಮೂಲಕ 13ಕ್ಕೆ ಏರಿಸಿದೆ. ಸಾವಿರಾರು ಸಾಲು ಸರಸರನೆ ಮೇಲಕ್ಕೆ ಹೋದವು. ಕೊನೆಗೆ ಕೆಲವು ಪ್ಯಾಕೇಜ್ ಪೂರ್ತಿಯಾಗಿಲ್ಲ ಎಂಬ ಸೂಚನೆ ಕಂಡದ್ದು ನಿಜ. ಮತ್ತೊಮ್ಮೆ ರೀಬೂಟ್ ಆದ ಮೇಲೆ ಸರಿಪಡಿಸುವ ಎಂದುಕೊಂಡು ರೀಬೂಟ್ ಕೊಟ್ಟೆ. ಅದು ತಪ್ಪು. ಹತ್ತು ನಿಮಿಷ ಕಾದೆ, ಇಪ್ಪತ್ತು ನಿಮಿಷ ಕಾದೆ. ಇದ್ದೀಯಾ ಎಂದು ಕೇಳುವ ಪಿಂಗಿಗೆ ಉತ್ತರ ಬರಲಿಲ್ಲ.

ಸೋಮವಾರ: ಸೊನ್ನೆ ಕಾಮಾ ಸೊನ್ನೆ

ಬೆಳಗ್ಗೆ ವಾಚನಾಲಯ ತೆಗೆಯುವ ಮೊದಲೇ ಹೋದೆ. ಜೊತೆಗೆ ಅಕ್ಕನ ಮಗ. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು. ನಮ್ಮ ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ಲಿನಕ್ಸಿನಲ್ಲಿ. ಹಾಗಾಗಿ ಟರ್ಮಿನಲ್ ಕಂಡರೆ ಅವನಿಗೆ ಹೆದರಿಕೆ ಇಲ್ಲ. ನಾನೂ ಕಲಿತದ್ದು ಅಂಥದೇ ಶಾಲೆಯ ಲ್ಯಾಬಿನಲ್ಲಿ. ಗಡಿನಾಡಿನ ಹಳ್ಳಿಗಳಲ್ಲಿ ಲಿನಕ್ಸ್ ಗೊತ್ತಿರುವ ಮಕ್ಕಳು ಇಷ್ಟು ಜನ ಸಿಗುವುದಕ್ಕೆ ಆ ಪಾಠವೇ ಕಾರಣ. ಇದು ದೊಡ್ಡ ಸಂಗತಿ ಎಂದೇ ನನ್ನ ನಂಬಿಕೆ.

ಮಾನಿಟರ್ ಸಿಕ್ಕಿಸಿದೆವು. ಕೊನೆಯ ಸಾಲು ಹೀಗಿತ್ತು: 'ಕರ್ನೆಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)'.

"ಡಿಸ್ಕ್ ಹೋಯ್ತಾ ಮಾವ?" ಎಂದು ಹುಡುಗ ಕೇಳಿದ.

ಕರ್ನೆಲ್ ಎಂದರೆ ಲಿನಕ್ಸಿನ ತಿರುಳು. ಅದಕ್ಕೆ ರೂಟ್, ಅಂದರೆ ವ್ಯವಸ್ಥೆಯೆಲ್ಲ ಇರುವ ಭಾಗ, ಸಿಕ್ಕಿರಲಿಲ್ಲ. ಸಾಲಿನ ಕೊನೆಯ ಆವರಣದೊಳಗಿನ ಎರಡು ಅಂಕೆ ನೋಡಬೇಕು. ಮೊದಲನೆಯದು ಯಾವ ಬಗೆಯ ಸಾಧನ ಎಂಬುದಕ್ಕೆ, ಎರಡನೆಯದು ಅದರಲ್ಲಿ ಎಷ್ಟನೆಯದು ಎಂಬುದಕ್ಕೆ. ಅಲ್ಲಿ 8 ಇದ್ದಿದ್ದರೆ ಕರ್ನೆಲ್ಲಿಗೆ ಹಾರ್ಡ್ ಡಿಸ್ಕ್ ಕಂಡಿದೆ, ಆದರೆ ಅದರೊಳಗಿನ ಫೈಲ್ ಸಿಸ್ಟಮ್ ಓದಲು ಆಗುತ್ತಿಲ್ಲ ಎಂದರ್ಥ. ಎರಡೂ ಸೊನ್ನೆ ಎಂದರೆ ಕರ್ನೆಲ್ಲಿಗೆ ಡಿಸ್ಕೇ ಕಂಡಿಲ್ಲ. ಡೆಬಿಯನ್‌ನಲ್ಲಿ ಸಾಟಾ ಡ್ರೈವರ್, ರೈಡ್ ಡ್ರೈವರ್ ಎಲ್ಲ ಕರ್ನೆಲ್ಲಿನ ಹೊಟ್ಟೆಯಲ್ಲಿ ಇರುವುದಿಲ್ಲ. ಇನಿಟ್‌ರ್‍ಯಾಮ್‌ಎಫ್‌ಎಸ್ ಎಂಬ ಬುತ್ತಿಯಲ್ಲಿ ಇರುತ್ತವೆ. ಬುತ್ತಿ ಕಟ್ಟದೆ ಕರ್ನೆಲ್ಲನ್ನು ದಾರಿಗೆ ಬಿಟ್ಟರೆ ಆಗುವುದು ಹೀಗೆಯೇ. ಡಿಸ್ಕಿಗೆ ಏನೂ ಆಗಿಲ್ಲ ಎಂದು ಹುಡುಗನಿಗೆ ಹೇಳಿದೆ.

ರೀಸೆಟ್ ಒತ್ತಿ, ಆನ್ ಆದಾಗ ಕರ್ನೆಲ್ಲನ್ನು ಎತ್ತಿಕೊಡುವ ಗ್ರಬ್‌ನ ಮೆನುವಿನಲ್ಲಿ 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ, 12ರ ಜೊತೆ ಬಂದಿದ್ದ 6.1 ಕರ್ನೆಲ್ಲನ್ನು ಆರಿಸಿದೆ. ಯಂತ್ರ ತಕರಾರಿಲ್ಲದೆ ಎದ್ದಿತು. ಹೊಸ 6.12 ಕರ್ನೆಲ್ಲಿಗೆ ಮಾತ್ರ ತೊಂದರೆ. ಏಪ್ಟ್‌ನ ಟರ್ಮ್ ಲಾಗ್ ತೆರೆದು ಓದು ಎಂದು ಹುಡುಗನನ್ನು ಕೂರಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅವನು ಬೆರಳಿಟ್ಟು ತೋರಿಸಿದ: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'.

2019ರಲ್ಲಿ ನಾನು ಬೂಟ್ ಪಾರ್ಟಿಷನ್ನಿಗೆ, ಅಂದರೆ ಏಳಲು ಬೇಕಾದ ಫೈಲುಗಳ ಭಾಗಕ್ಕೆ, ಕೊಟ್ಟದ್ದು 250 ಎಂಬಿ. ಆಗಿನ 4.19 ಕರ್ನೆಲ್ಲಿಗೆ ಅದು ಧಾರಾಳ. ಈಗ ಅದರೊಳಗೆ 5.10, 6.1 ಎರಡೂ ಬುತ್ತಿ ಸಮೇತ ಕೂತಿದ್ದವು, 6.12ರ ಕರ್ನೆಲ್ ಫೈಲು ಹೇಗೋ ತೂರಿತು, ಅದರ ಇನಿಟ್‌ರ್‍ಯಾಮ್‌ಎಫ್‌ಎಸ್‌ಗೆ ಜಾಗ ಸಿಗಲಿಲ್ಲ. ಆಮೇಲೆ ಗ್ರಬ್ ಪ್ಯಾಕೇಜ್ ತನ್ನ ಸರದಿಯಲ್ಲಿ ಮೆನು ತಯಾರಿಸುವಾಗ ಹೊಸ ಕರ್ನೆಲ್ ಕಂಡು ಅದನ್ನೇ ಮೊದಲ ಸಾಲಿಗೆ ಹಾಕಿತು. ಡೆಬಿಯನ್ 13ರ ಬಿಡುಗಡೆ ಟಿಪ್ಪಣಿಯಲ್ಲಿ ಇದರ ಬಗ್ಗೆ ಸ್ಪಷ್ಟವಾಗಿ ಎಚ್ಚರಿಸಿದ್ದಾರೆ: ಬೂಟ್ ಪಾರ್ಟಿಷನ್ ಕನಿಷ್ಠ 768 ಎಂಬಿ ಇರಲಿ, ಅದರಲ್ಲಿ ಸುಮಾರು 300 ಎಂಬಿ ಖಾಲಿ ಇರಲಿ ಎಂದು. ನಾನು ಆ ಟಿಪ್ಪಣಿಯ ಆ ಭಾಗ ಓದದೆ ಹೊರಟಿದ್ದೆ.

5.10 ಕರ್ನೆಲ್ಲನ್ನು ತೆಗೆದುಹಾಕಿದೆ. ಬುತ್ತಿ ಸಣ್ಣದಾಗಿಸಲು ಎರಡು ದಾರಿ ಇದೆ. 'ಮಾಡ್ಯೂಲ್ಸ್' ಎಂಬ ಸೆಟ್ಟಿಂಗನ್ನು 'ಮೋಸ್ಟ್'ನಿಂದ 'ಡೆಪ್'ಗೆ ಬದಲಿಸಿದರೆ ಈ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಒಳಗೆ ಹೋಗುತ್ತವೆ. ಗಾತ್ರ ತುಂಬ ಇಳಿಯುತ್ತದೆ. ಬಹಳ ಜನ ಇದನ್ನೇ ಹೇಳುತ್ತಾರೆ. ಹದಿನಾಲ್ಕು ವರ್ಷದ ಯಂತ್ರಕ್ಕೆ ನಾನು ಇದನ್ನು ಒಪ್ಪುವುದಿಲ್ಲ. ನಾಳೆ ಮದರ್‌ಬೋರ್ಡ್ ಕೈಕೊಟ್ಟರೆ ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿ ಏಳಿಸಬೇಕು. ಆಗ ಆ ಕಂಪ್ಯೂಟರಿನ ಡ್ರೈವರ್ ಬುತ್ತಿಯಲ್ಲಿ ಇರುವುದಿಲ್ಲ. ಹಾಗಾಗಿ 'ಮೋಸ್ಟ್' ಹಾಗೇ ಇಟ್ಟು, ಕುಗ್ಗಿಸುವ ವಿಧಾನವನ್ನು ಝಡ್‌ಎಸ್‌ಟಿಡಿಯಿಂದ ಎಕ್ಸ್‌ಝಡ್‌ಗೆ ಬದಲಿಸಿದೆ. ಕಟ್ಟಲು ನಿಧಾನ, ಆದರೆ ಗಾತ್ರ ಸಣ್ಣದು. ಅರ್ಧಕ್ಕೆ ನಿಂತಿದ್ದ ಪ್ಯಾಕೇಜುಗಳನ್ನು ಪೂರ್ತಿ ಮಾಡಿ, ಇನಿಟ್‌ರ್‍ಯಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿ, ಗ್ರಬ್ ಮೆನು ಮತ್ತೆ ಬರೆಸಿದೆ.

6.12ರಲ್ಲಿ ಎದ್ದಿತು. ನೆಟ್‌ವರ್ಕ್ ಬರಲಿಲ್ಲ, ಯಾಕೆಂದರೆ ಕಾರ್ಡಿನ ಹೆಸರು ಬದಲಾಗಿತ್ತು. ಕಾರ್ಡಿನ ಸ್ಥಿರ ಗುರುತಾದ ಮ್ಯಾಕ್ ವಿಳಾಸಕ್ಕೆ ಕಟ್ಟಿ ಹಳೆಯ ಹೆಸರನ್ನೇ ಕೊಡುವ ನಾಲ್ಕು ಸಾಲಿನ ಲಿಂಕ್ ಫೈಲು ಬರೆದೆ, ಸರಿಯಾಯಿತು. ಮೂರು ಸಲ ರೀಬೂಟ್ ಮಾಡಿ ನೋಡಿದೆ. ಮೂರು ಸಲವೂ ಎದ್ದಿತು. ಕೆಲಸ ಮುಗಿಯಿತೆಂದು ವಾಚನಾಲಯ ನೋಡಿಕೊಳ್ಳುವ ಮಾಷ್ಟ್ರಿಗೆ ಹೇಳಿ ಮನೆಗೆ ಬಂದೆ.

ಬುಧವಾರ: ಎರಡು ಸಾಲು

ತುಲಾ ತಿಂಗಳ ಮಳೆ ನಮ್ಮಲ್ಲಿ ಬೆಳಗ್ಗೆ ಬರುವುದಿಲ್ಲ. ಮಧ್ಯಾಹ್ನದ ಮೇಲೆ ಮೂಡಣ ಗುಡ್ಡಗಳ ಕಡೆಯಿಂದ ಮೋಡ ಏರಿ, ಸಂಜೆಗೆ ಸಿಡಿಲು ಶುರು. ಮಂಗಳವಾರ ಸಂಜೆ ಜೋರು ಸಿಡಿಲು. ಇಲ್ಲಿ ಎಲ್ಲರ ಮನೆಯಲ್ಲೂ ಮಾಡುವಂತೆ ಮಾಷ್ಟ್ರು ಸರ್ವರನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಯುಪಿಎಸ್ ಆಫ್ ಮಾಡಿ, ಗೋಡೆಯ ಪ್ಲಗ್ಗನ್ನೂ ನೆಟ್ ಕೇಬಲನ್ನೂ ಕಿತ್ತಿಟ್ಟು ಹೋಗಿದ್ದಾರೆ. ಅದನ್ನು ಅವರಿಗೆ ಹೇಳಿಕೊಟ್ಟವನೂ ನಾನೇ.

ಬುಧವಾರ ಬೆಳಗ್ಗೆ ಅವರ ಫೋನು. "ಮಾರಾಯಾ, ಪ್ಲಗ್ ಹಾಕಿ ಸ್ವಿಚ್ ಒತ್ತಿದೆ. ಪರದೆಯಲ್ಲಿ ಎರಡು ಮೂರು ಗೆರೆ ಬಂದು ಹಾಗೇ ನಿಂತಿದೆ. ಎಂತ ಮಾಡುವುದು?"

"ಎಂತ ಬರೆದಿದೆ ಮಾಷ್ಟ್ರೇ? ಒಂದೊಂದೇ ಅಕ್ಷರ ಓದಿ."

ಅವರು ಓದಿದರು: 'ಎರರ್: ಸಿಂಬಲ್ ಗ್ರಬ್_ಕ್ಯಾಲಕ್ ನಾಟ್ ಫೌಂಡ್. ಎಂಟರಿಂಗ್ ರೆಸ್ಕ್ಯೂ ಮೋಡ್.' ಕೆಳಗೆ 'ಗ್ರಬ್ ರೆಸ್ಕ್ಯೂ' ಎಂದು, ಮುಂದೆ ಮಿನುಗುವ ಗೆರೆ.

"ನಾನು ಪ್ಲಗ್ ತೆಗೆದದ್ದು ತಪ್ಪಾಯ್ತಾ?" ಎಂದು ಕೇಳಿದರು. ಇಲ್ಲ ಎಂದೆ. ಆಗ ನನಗೆ ಗೊತ್ತಿರಲಿಲ್ಲ, ಉತ್ತರದ ಅರ್ಧಭಾಗ ಅವರ ಆ ಪ್ರಶ್ನೆಯಲ್ಲೇ ಇತ್ತು ಎಂದು.

ವಾಚನಾಲಯಕ್ಕೆ ಹೋದೆ. ರೆಸ್ಕ್ಯೂ ಮೋಡಿನಲ್ಲಿ ನಾಲ್ಕೈದು ಆಜ್ಞೆ ಮಾತ್ರ ನಡೆಯುತ್ತವೆ. 'ಎಲ್‌ಎಸ್' ಕೊಟ್ಟೆ: ಎರಡು ಡಿಸ್ಕ್, ಅವುಗಳ ಪಾರ್ಟಿಷನ್, ರೈಡ್ ಎಲ್ಲ ಕಂಡವು. 'ಸೆಟ್' ಕೊಟ್ಟೆ: ಬೂಟ್ ಪಾರ್ಟಿಷನ್ನಿನ ದಾರಿ ಸರಿಯಾಗಿಯೇ ಇತ್ತು. 'ಇನ್ಸ್‌ಮಾಡ್ ನಾರ್ಮಲ್' ಕೊಟ್ಟೆ: ಅದೇ ಸಿಂಬಲ್ ದೂರು. ಇಲ್ಲಿ ಒಂದು ವ್ಯತ್ಯಾಸ ಗುರುತಿಸಿಕೊಳ್ಳಬೇಕು. ಫೈಲ್ ನಾಟ್ ಫೌಂಡ್ ಎಂದಿದ್ದರೆ ಗ್ರಬ್ಬಿಗೆ ತನ್ನ ಮಾಡ್ಯೂಲ್ ಸಿಗುತ್ತಿಲ್ಲ ಎಂದರ್ಥ. ದಾರಿ ತಪ್ಪಿದೆ ಇಲ್ಲವೇ ಪಾರ್ಟಿಷನ್ ಕೆಟ್ಟಿದೆ. ಸಿಂಬಲ್ ನಾಟ್ ಫೌಂಡ್ ಎಂದರೆ ಮಾಡ್ಯೂಲ್ ಸಿಕ್ಕಿದೆ, ಓದಿದೆ, ಆದರೆ ಅದು ಕೇಳುವ ಪದ ಇವನಿಗೆ ಗೊತ್ತಿಲ್ಲ.

ಗ್ರಬ್ ಎಂಬುದು ಎರಡು ತುಂಡಾಗಿ ಇರುತ್ತದೆ. ಒಂದು ಸಣ್ಣ ತುಂಡು ಡಿಸ್ಕಿನ ಮೊದಲ ಸೆಕ್ಟರಿನಲ್ಲಿ ಮತ್ತು ಅದರ ಬೆನ್ನಿಗಿರುವ ಖಾಲಿ ಜಾಗದಲ್ಲಿ. ಆ ಜಾಗ ಯಾವ ಪಾರ್ಟಿಷನ್ನಿಗೂ ಸೇರಿದ್ದಲ್ಲ. ರೈಡ್ ಅದನ್ನು ನಕಲು ಮಾಡುವುದಿಲ್ಲ, ಯಾವ ಫೈಲ್ ಪಟ್ಟಿಯಲ್ಲೂ ಅದು ಕಾಣುವುದಿಲ್ಲ. ಉಳಿದ ತುಂಡುಗಳು, ಅಂದರೆ ಮಾಡ್ಯೂಲುಗಳು, ಬೂಟ್ ಪಾರ್ಟಿಷನ್ನಿನಲ್ಲಿ. ಎರಡೂ ಒಂದೇ ಆವೃತ್ತಿಯವು ಆಗಿರಬೇಕು. ಹಳೆಯ ಸಣ್ಣ ತುಂಡು ಹೊಸ ಮಾಡ್ಯೂಲನ್ನು ಎತ್ತಲು ಹೋದರೆ ಈ ದೂರು ಬರುತ್ತದೆ.

ಮಾಷ್ಟ್ರು ಸ್ವತಃ ಅರ್ಥಧಾರಿ. ಇಷ್ಟು ಕೇಳಿ ಅವರು ಹೇಳಿದರು: "ಅಂದ್ರೆ ಭಾಗವತರು ಹೊಸ ಪ್ರತಿ ಹಿಡಿದು ಪದ್ಯ ಎತ್ತಿದ್ದಾರೆ, ಅರ್ಥಧಾರಿ ಹಳೇ ಪ್ರತಿ ಓದಿಕೊಂಡು ಬಂದು ಕೂತಿದ್ದಾನೆ. ಆ ಪದ್ಯವೇ ಇವನ ಪುಸ್ತಕದಲ್ಲಿ ಇಲ್ಲ." ನಾನು ಇಷ್ಟು ಚೆನ್ನಾಗಿ ಹೇಳಲಾರೆ.

ಆದರೆ ಸೋಮವಾರ ಮೂರು ಸಲ ಎದ್ದದ್ದು ಹೇಗೆ? ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಆ ದಿನ ನಾನು ಕೈಯಾಡಿಸಿದ್ದರಲ್ಲಿ ಏನೋ ಕೆಟ್ಟಿದೆ. ಲೈವ್ ಪೆನ್‌ಡ್ರೈವಿನಿಂದ ಏಳಿಸಿ, ರೈಡ್ ಜೋಡಿಸಿ, ರೂಟ್ ಮತ್ತು ಬೂಟ್ ಎರಡನ್ನೂ ಮೌಂಟ್ ಮಾಡಿ, ಡೆವ್, ಪ್ರೊಕ್, ಸಿಸ್ ಮೂರನ್ನೂ ಬೈಂಡ್ ಮಾಡಿ, ಕ್ರೂಟ್ ಎಂಬ ಆಜ್ಞೆಯ ಮೂಲಕ ಡಿಸ್ಕಿನಲ್ಲಿರುವ ವ್ಯವಸ್ಥೆಯ ಒಳಗೆ ಹೋದೆ. ಗ್ರಬ್ ಪ್ಯಾಕೇಜಿಗೆ ತಾನು ಯಾವ ಡಿಸ್ಕಿನ ಮೇಲೆ ಬರೆಯಬೇಕು ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಯಲ್ಲಿದ್ದ ಡಿಸ್ಕಿಗೆ ಗ್ರಬ್ ಹೊಸದಾಗಿ ಬರೆಸಿದೆ. 'ನೋ ಎರರ್ ರಿಪೋರ್ಟೆಡ್' ಎಂದಿತು. ಪೆನ್‌ಡ್ರೈವ್ ಕಿತ್ತು ರೀಬೂಟ್ ಮಾಡಿದೆ.

ಅದೇ ದೂರು, ಅಕ್ಷರ ಅಕ್ಷರಕ್ಕೂ ಅದೇ.

ಅಲ್ಲಿ ಕೈಬಿಟ್ಟು ಹೊರಗೆ ಬಂದು ಜಗಲಿಯಲ್ಲಿ ಕೂತೆ. ಈಗಷ್ಟೇ ನಾನು ಹೊಸದನ್ನು ಬರೆದಿದ್ದೇನೆ. ಆದರೂ ಹಳೆಯದೇ ಮಾತಾಡುತ್ತಿದೆ. ಹಾಗಾದರೆ ನಾನು ಬರೆದದ್ದನ್ನು ಯಂತ್ರ ಓದುತ್ತಲೇ ಇಲ್ಲ. ಓದುತ್ತಿರುವುದು ಬೇರೆಯದನ್ನು. ಬೇರೆಯದು ಎಂದರೆ ಇರುವುದು ಒಂದೇ, ಇನ್ನೊಂದು ಡಿಸ್ಕ್.

ಒಳಗೆ ಹೋಗಿ, ಆನ್ ಮಾಡುವಾಗ ಎಫ್11 ಒತ್ತಿ ಬೂಟ್ ಮೆನು ತೆರೆದೆ. ಕೆಳಗಿನ ಟ್ರೇಯ ಡಿಸ್ಕನ್ನು ಆರಿಸಿದೆ. ನೇರ ಎದ್ದಿತು. ಮತ್ತೆ ಆಫ್ ಮಾಡಿ ಮೇಲಿನ ಡಿಸ್ಕನ್ನು ಆರಿಸಿದೆ: ಗ್ರಬ್ ರೆಸ್ಕ್ಯೂ. ಕಳ್ಳ ಸಿಕ್ಕಿದ. ಆದರೆ ಸೋಮವಾರದ ತನಕ ಕೆಳಗಿನಿಂದ ಏಳುತ್ತಿದ್ದ ಯಂತ್ರ ಬುಧವಾರ ಮೇಲಿನದಕ್ಕೆ ಹೋದದ್ದು ಯಾಕೆ? ಬಯೋಸ್ ಸೆಟಪ್ಪಿಗೆ ಹೋದೆ. ಮೊದಲ ಪುಟದಲ್ಲೇ ತಾರೀಕು ಕಂಡಿತು: 2010, ಜನವರಿ 1. ಬೂಟ್ ಕ್ರಮವೂ ಕಾರ್ಖಾನೆಯಿಂದ ಬಂದಾಗ ಇದ್ದಂತೆ ಆಗಿತ್ತು, ಮೇಲಿನ ಡಿಸ್ಕ್ ಮೊದಲು.

ಪಕ್ಕದ ಬಾಗಿಲು ಬಿಚ್ಚಿದೆವು. ಹುಡುಗ ಟಾರ್ಚ್ ಹಿಡಿದ. ಮದರ್‌ಬೋರ್ಡಿನ ಕೆಳಮೂಲೆಯಲ್ಲಿ ನಾಣ್ಯದಂಥ ಸೆಲ್ಲು. ಸಿಆರ್2032: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆ ಇದೆ. ಹಿಡಿಕೆಯ ಒಂದು ಅಂಚಿಗೆ ಹಸಿರು ಕಿಲುಬು ಹತ್ತಿತ್ತು. ಅದರ ಪಕ್ಕದಲ್ಲೇ ಒಡೆದ ಹಲ್ಲಿ ಮೊಟ್ಟೆಯ ಎರಡು ಸಿಪ್ಪೆ. ಸಪೂರ ಸ್ಕ್ರೂಡ್ರೈವರಿನಿಂದ ಕೊಂಡಿ ಸರಿಸಿದಾಗ ಸೆಲ್ಲು ಸುಲಭದಲ್ಲಿ ಮೇಲೆದ್ದು ಬರಲಿಲ್ಲ, ಒತ್ತಿ ಎಬ್ಬಿಸಬೇಕಾಯಿತು. ಮಲ್ಟಿಮೀಟರಿನಲ್ಲಿ 1.9 ವೋಲ್ಟ್. ಹೊಸದಕ್ಕೆ 3ಕ್ಕಿಂತ ಮೇಲೆ ಬರಬೇಕು. ನನ್ನ ಕೈಗೆ ಬಂದ ಮೇಲೆ ಇದನ್ನು ಬದಲಿಸಿಯೇ ಇರಲಿಲ್ಲ.

ಗೋಡೆಯ ಪ್ಲಗ್ ಹಾಕಿದ್ದಷ್ಟು ಕಾಲ, ಸರ್ವರ್ ಆಫ್ ಆಗಿದ್ದರೂ, ಪವರ್ ಸಪ್ಲೈ ಸಣ್ಣ ಪ್ರಮಾಣದಲ್ಲಿ ಕರೆಂಟ್ ಕೊಡುತ್ತಲೇ ಇರುತ್ತದೆ. ಗಡಿಯಾರ, ಬಯೋಸ್ ಸೆಟ್ಟಿಂಗ್ ಎರಡೂ ಅದರಲ್ಲೇ ಬದುಕುತ್ತವೆ. ಸೆಲ್ಲಿನ ಕೆಲಸ ಬರುವುದು ಪ್ಲಗ್ ಕಿತ್ತಾಗ ಮಾತ್ರ. ಮೇ ತಿಂಗಳ ಸಿಡಿಲಿಗೆ ಪ್ಲಗ್ ತೆಗೆದಾಗ ಸೆಲ್ಲಿನಲ್ಲಿ ಇನ್ನೂ ಕಸುವು ಇತ್ತು. ಮಂಗಳವಾರ ರಾತ್ರಿ ಇರಲಿಲ್ಲ. ಸೋಮವಾರದ ನನ್ನ ಮೂರು ರೀಬೂಟಿನಲ್ಲಿ ಪ್ಲಗ್ ಒಮ್ಮೆಯೂ ಕಳಚಲಿಲ್ಲ, ಹಾಗಾಗಿ ಅವು ಏನನ್ನೂ ಪರೀಕ್ಷೆ ಮಾಡಿರಲಿಲ್ಲ.

ಹಾಗಾದರೆ ಮೇಲಿನ ಡಿಸ್ಕಿನ ಗ್ರಬ್ ಹಳತಾದದ್ದು ಯಾವಾಗ? 'ಡೆಬ್‌ಕಾನ್ಫ್-ಶೋ ಗ್ರಬ್-ಪಿಸಿ' ಎಂದು ಕೊಟ್ಟಾಗ ಪಟ್ಟಿಯಲ್ಲಿ ಇದ್ದದ್ದು ಒಂದೇ ಡಿಸ್ಕಿನ ಸೀರಿಯಲ್ ನಂಬರು, ಕೆಳಗಿನದರದ್ದು. ಆಗ 2019 ನೆನಪಾಯಿತು. ಡೆಬಿಯನ್ ಇನ್‌ಸ್ಟಾಲರ್ ಗ್ರಬ್ಬನ್ನು ಒಂದೇ ಡಿಸ್ಕಿಗೆ ಬರೆಯುತ್ತದೆ. ಅಂದು ಪೆನ್‌ಡ್ರೈವೇ ಮೊದಲ ಅಕ್ಷರವನ್ನು ಹಿಡಿದುಕೊಂಡು ಡಿಸ್ಕುಗಳ ಅಕ್ಷರ ಹಿಂದೆ ಸರಿದಿತ್ತು, ನಾನು ಕೆಳಗಿನದನ್ನು ಆರಿಸಿ, ಬಯೋಸಿನಲ್ಲೂ ಅದನ್ನೇ ಮೊದಲಿಗೆ ಇಟ್ಟಿದ್ದೆ. ಎರಡರಿಂದಲೂ ಏಳಬೇಕೆಂದು ಆಮೇಲೆ ಮೇಲಿನದಕ್ಕೆ ಗ್ರಬ್-ಇನ್‌ಸ್ಟಾಲ್ ಕೊಟ್ಟೆ, ಕೈಯಿಂದ. ಕೈಯಿಂದ ಕೊಟ್ಟದ್ದು ಪಟ್ಟಿಗೆ ಸೇರುವುದಿಲ್ಲ. 2020ರ ಜುಲೈಯಲ್ಲಿ ಬೂಟ್‌ಹೋಲ್ ಎಂದು ಹೆಸರಾದ ಭದ್ರತಾ ದೋಷಕ್ಕೆ ಗ್ರಬ್ಬಿನ ತಿದ್ದುಪಡಿ ಬಂತು. ಅದರಲ್ಲಿಯೇ ಕ್ಯಾಲಕ್ ಎಂಬ ಹೊಸ ಸಿಂಬಲ್ ಸೇರಿದ್ದು. ಆ ಅಪ್‌ಡೇಟ್ ಬೂಟ್ ಪಾರ್ಟಿಷನ್ನಿನ ಮಾಡ್ಯೂಲುಗಳನ್ನು ಬದಲಿಸಿತು, ಕೆಳಗಿನ ಡಿಸ್ಕಿನ ಸಣ್ಣ ತುಂಡನ್ನು ಬದಲಿಸಿತು, ಮೇಲಿನದನ್ನು ಮುಟ್ಟಲಿಲ್ಲ. ಅಂದಿನಿಂದ ಮೇಲಿನ ಡಿಸ್ಕ್ ತಾನಾಗಿ ಏಳುವ ಶಕ್ತಿ ಕಳೆದುಕೊಂಡಿತ್ತು. ಈ ಐದು ವರ್ಷದಲ್ಲಿ ಕೆಳಗಿನ ಡಿಸ್ಕ್ ಹೋಗಿದ್ದರೆ, ರೈಡ್ ಇದೆ ಎಂದು ನಾನು ನೆಮ್ಮದಿಯಲ್ಲಿ ಇರುತ್ತಿದ್ದೆ, ಯಂತ್ರ ಮಾತ್ರ ಏಳುತ್ತಿರಲಿಲ್ಲ. ದತ್ತಾಂಶ ಉಳಿಯುತ್ತಿತ್ತು, ಅದು ನಿಜ. ಆದರೂ ಅದನ್ನು ಯೋಚಿಸಿದಾಗ ನನಗೆ ಅಂದು ಕೈ ತಣ್ಣಗಾಯಿತು.

ಖಚಿತ ಮಾಡಿಕೊಳ್ಳಲು ಎರಡೂ ಡಿಸ್ಕಿನ ಎರಡನೆಯ ಸೆಕ್ಟರಿನಿಂದ ಪಾರ್ಟಿಷನ್ ಶುರುವಾಗುವ ತನಕದ ಭಾಗವನ್ನು ಡಿಡಿ ಆಜ್ಞೆಯಿಂದ ಓದಿ, ಹೋಲಿಸಲು ಬೆರಳಚ್ಚಿನಂಥ ಎಂಡಿ5 ತೆಗೆದೆ. ಎರಡೂ ಬೇರೆ ಬೇರೆ ಬಂದವು.

ದುರಸ್ತಿ ಐದು ನಿಮಿಷದ್ದು. 'ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಪಿಸಿ' ಕೊಟ್ಟರೆ ಡಿಸ್ಕುಗಳ ಪಟ್ಟಿ ಬರುತ್ತದೆ. ಸ್ಪೇಸ್ ಬಾರಿನಿಂದ ಎರಡಕ್ಕೂ ಗುರುತು ಹಾಕಬೇಕು. ಡಿಸ್ಕಿಗೆ ಮಾತ್ರ, ಅದರ ಕೆಳಗೆ ತೋರಿಸುವ ಪಾರ್ಟಿಷನ್ನುಗಳಿಗೆ ಅಲ್ಲ. ಹೊಸ ಕರ್ನೆಲ್ಲುಗಳಲ್ಲಿ ಎಸ್‌ಡಿಎ, ಎಸ್‌ಡಿಬಿ ಅಕ್ಷರಗಳು ಒಂದು ಬೂಟಿನಿಂದ ಇನ್ನೊಂದಕ್ಕೆ ಅದಲುಬದಲಾಗಬಹುದು, ಹಾಗಾಗಿ ಡಿಸ್ಕಿನ ಮೇಲಿನ ಲೇಬಲ್ ಓದಿ ಸೀರಿಯಲ್ ನಂಬರಿನಿಂದಲೇ ಗುರುತಿಸಿದೆವು. ಹುಡುಗ ಎರಡೂ ಟ್ರೇಯ ಮುಂದೆ ಬಿಳಿ ಪಟ್ಟಿ ಅಂಟಿಸಿ ನಂಬರಿನ ಕೊನೆಯ ನಾಲ್ಕು ಅಂಕೆ ಮಾರ್ಕರಿನಲ್ಲಿ ಬರೆದ. ಸೆಲ್ಲನ್ನು ಬದಿಯಡ್ಕದ ವಾಚಿನಂಗಡಿಯಿಂದ ತಂದೆ. ಕಿಲುಬನ್ನು ಐಸೋಪ್ರೊಪೈಲ್ ಹಾಕಿ ಹಲ್ಲುಜ್ಜುವ ಹಳೆಯ ಬ್ರಶ್ಶಿನಿಂದ ತಿಕ್ಕಿ, ಒಣಗಿದ ಮೇಲೆ ಕೂರಿಸಿದೆ. ತಾರೀಕು, ಬೂಟ್ ಕ್ರಮ ಎರಡನ್ನೂ ಬಯೋಸಿನಲ್ಲಿ ಮತ್ತೆ ತುಂಬಿದೆ. ಅಲ್ಲೇ ಸಾಟಾ ಮೋಡ್ ಎಎಚ್‌ಸಿಐ ಇದೆಯೇ, ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಇದೆಯೇ ಎಂದೂ ನೋಡಿಕೊಳ್ಳಬೇಕು. ಸೆಲ್ಲು ಹೋದಾಗ ಇವೂ ಹೋಗುತ್ತವೆ.

ಒಂದೊಂದೇ ಡಿಸ್ಕಿನಲ್ಲಿ

ಈ ಸಲ ಪರೀಕ್ಷೆಯನ್ನು ಸರಿಯಾಗಿ ಮಾಡುವ ಎಂದು ನಿಶ್ಚಯಿಸಿದ್ದೆ. ಗುರುವಾರ ಇಡೀ ಬೆಳಗ್ಗೆ ಅದಕ್ಕೇ ಹೋಯಿತು.

ಮೊದಲು ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟೆವು. ಹಾಕಿದಾಗ ತಾರೀಕು, ಬೂಟ್ ಕ್ರಮ ಎರಡೂ ಇದ್ದವು. ಆಮೇಲೆ ಶಟ್‌ಡೌನ್ ಮಾಡಿ, ಕೆಳಗಿನ ಟ್ರೇಯನ್ನು ಪೂರ್ತಿ ಹೊರಗೆಳೆದು, ಮೇಲಿನ ಡಿಸ್ಕ್ ಒಂದರಲ್ಲೇ ಆನ್ ಮಾಡಿದೆ. ಗ್ರಬ್ ಮೆನು ಬಂತು. ಕರ್ನೆಲ್ ಓಡಿತು. ಮತ್ತೆ ಸುಮಾರು ಅರ್ಧ ನಿಮಿಷ ಏನೂ ಇಲ್ಲದೆ ನಿಂತಿತು. ಇನ್ನೊಂದು ಡಿಸ್ಕ್ ಬರಬಹುದೆಂದು ಇನಿಟ್‌ರ್‍ಯಾಮ್‌ಎಫ್‌ಎಸ್ ಕಾಯುವ ಹೊತ್ತು ಅದು. ಹೆದರಿ ರೀಸೆಟ್ ಒತ್ತಬಾರದು. ಕಾದು ಸಾಕಾದ ಮೇಲೆ ಇರುವ ಒಂದರಲ್ಲೇ ರೈಡ್ ಶುರು ಮಾಡಿ ಲಾಗಿನ್ ತನಕ ಬಂತು.

ಇಲ್ಲಿ ಅವಸರ ಮಾಡಿದರೆ ಅಪಾಯ. ಒಂದು ಡಿಸ್ಕಿನಲ್ಲಿ ಎದ್ದಾಗ ಯಂತ್ರ ಅದರ ಮೇಲೆ ಬರೆಯುತ್ತದೆ. ಕೂಡಲೇ ಅದನ್ನು ತೆಗೆದು ಇನ್ನೊಂದನ್ನು ಮಾತ್ರ ಹಾಕಿ ಎಬ್ಬಿಸಿದರೆ ಅದರ ಮೇಲೂ ಬರೆಯುತ್ತದೆ. ಆಮೇಲೆ ಎರಡನ್ನೂ ಒಟ್ಟಿಗೆ ಹಾಕಿದಾಗ ಯಾವುದು ಸರಿ ಎಂದು ರೈಡಿಗೆ ತಿಳಿಯುವುದಿಲ್ಲ. ತಪ್ಪಾದದ್ದರಿಂದ ಸರಿಯಾದದ್ದರ ಮೇಲೆ ನಕಲಾದರೂ ಆಯಿತು. ಹಾಗಾಗಿ ನಡುವೆ ಎರಡೂ ಡಿಸ್ಕ್ ಹಾಕಿ, ಹೊರಗೆ ಇದ್ದದ್ದನ್ನು ರೈಡ್ ನೋಡಿಕೊಳ್ಳುವ ಎಂಡಿಎಡಿಎಂನಿಂದ ಮತ್ತೆ ಸೇರಿಸಿ, ಸಿಂಕ್ ಪೂರ್ತಿಯಾಗುವ ತನಕ ಕಾಯಲೇಬೇಕು. ನಮ್ಮ ರೈಡಿನಲ್ಲಿ ಬಿಟ್‌ಮ್ಯಾಪ್ ಇದ್ದುದರಿಂದ ಬದಲಾದ ತುಂಡುಗಳಷ್ಟೇ ನಕಲಾಗಿ ಎರಡು ನಿಮಿಷದಲ್ಲಿ ಮುಗಿಯಿತು. ಬಿಟ್‌ಮ್ಯಾಪ್ ಇಲ್ಲದಿದ್ದರೆ 2 ಟಿಬಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ರೈಡಿನ ಸ್ಥಿತಿಯಲ್ಲಿ ಎರಡೂ ಡಿಸ್ಕ್ ಸರಿ ಎಂದು ತೋರಿಸುವ ಎರಡು ಯು ಅಕ್ಷರ ಜೊತೆಯಾಗಿ ಕಂಡ ಮೇಲೆಯೇ ಶಟ್‌ಡೌನ್ ಮಾಡಿ, ಮೇಲಿನ ಟ್ರೇ ತೆಗೆದು, ಕೆಳಗಿನದರಲ್ಲಿ ಎಬ್ಬಿಸಿದೆ. ಅದೂ ಬಂತು. ಮತ್ತೆ ಸೇರಿಸಿ, ಮತ್ತೆ ಸಿಂಕ್.

ಮಾಷ್ಟ್ರು ಆ ಹೊತ್ತಿಗೆ ಚಾ ತಂದಿದ್ದರು. ಒಂದೇ ಡಿಸ್ಕಿನಲ್ಲಿ ಎದ್ದಾಗ ಅವರು ಒಂದು ಹಳೆಯ ಧ್ವನಿಮುದ್ರಣ ಹಾಕಲು ಹೇಳಿದರು. ಹಿನ್ನೆಲೆಯಲ್ಲಿ ಮಳೆ ಸುರಿಯುವ ಸದ್ದು, ಯಾರೋ ಕೆಮ್ಮುವುದು, ಮದ್ದಳೆಯ ಒಂದು ಪೆಟ್ಟು. ಸ್ವಲ್ಪ ಹೊತ್ತು ಮೂವರೂ ಕೇಳುತ್ತಾ ಕೂತೆವು.

ಇನ್ನೊಂದು ಯಂತ್ರ

ಅದೇ ವಾರ ನೀರ್ಚಾಲಿನ ಕಡೆಯ ಒಬ್ಬ ಸ್ನೇಹಿತರು ತಮ್ಮ ಪ್ರೆಸ್ಸಿನ ಸರ್ವರ್ ನೋಡಲು ಕರೆದರು. ಅದು ಇನ್ನೂ ಹಳತು, ಕ್ಸಿಯಾನ್ 5400 ಸಾಲಿನದು. ಅದರಲ್ಲಿದ್ದ ಸೆಂಟ್‌ಓಎಸ್ 7ರ ಅವಧಿ 2024ರ ಜೂನ್ 30ಕ್ಕೆ ಮುಗಿದಿತ್ತು. ಅವರು ಅಲ್ಮಾಲಿನಕ್ಸ್ 9 ಹಾಕಲು ಹೊರಟಿದ್ದರು. ಪರದೆಯಲ್ಲಿ 'ಫೇಟಲ್ ಜಿಲಿಬ್‌ಸಿ ಎರರ್: ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ2' ಎಂದು ಬಂದು ಕರ್ನೆಲ್ ಪ್ಯಾನಿಕ್. ಅವರು ರ್‍ಯಾಮ್ ಬದಲಿಸಿ, ಡಿಸ್ಕ್ ಬದಲಿಸಿ ಎರಡು ದಿನ ಕಳೆದಿದ್ದರು. ಇದು ದುರಸ್ತಿಯ ವಿಷಯವೇ ಅಲ್ಲ. ವಿ2 ಎಂದರೆ ಪ್ರೊಸೆಸರಿನ ಸಾಮರ್ಥ್ಯದ ಎರಡನೆಯ ಮೆಟ್ಟಿಲು. ಅಲ್ಮಾಲಿನಕ್ಸ್ ಸೇರಿದ ರೆಡ್ ಹ್ಯಾಟ್ 9ರ ಕುಟುಂಬಕ್ಕೆ ಆ ಮೆಟ್ಟಿಲಿನ, ಅಂದರೆ ಎಸ್‌ಎಸ್‌ಇ 4.2 ಸೂಚನೆಗಳಿರುವ ಪ್ರೊಸೆಸರ್ ಬೇಕು. 5400 ಸಾಲಿನಲ್ಲಿ 4.1ರ ತನಕ ಮಾತ್ರ ಇದೆ. 10ಕ್ಕೆ ರೆಡ್ ಹ್ಯಾಟ್ ಇನ್ನೂ ಒಂದು ಮೆಟ್ಟಿಲು ಮೇಲಿನ ವಿ3 ಕೇಳುತ್ತದೆ. ಹೊಸದು ಹಾಕುವ ಮೊದಲು ಹಳೆಯ ವ್ಯವಸ್ಥೆಯಲ್ಲೇ 'ಎಲ್‌ಎಸ್‌ಸಿಪಿಯು' ಕೊಟ್ಟು ಫ್ಲ್ಯಾಗುಗಳಲ್ಲಿ 'ಎಸ್‌ಎಸ್‌ಇ4_2' ಇದೆಯೇ ಎಂದು ನೋಡಿದರೆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಡೆಬಿಯನ್‌ನ 64 ಬಿಟ್ ಆವೃತ್ತಿ ಈಗಲೂ ಮೊದಲ ಮೆಟ್ಟಿಲಿನ ಪ್ರೊಸೆಸರಿನಲ್ಲೇ ಓಡುತ್ತದೆ. ಅದನ್ನು ಹಾಕಿಕೊಟ್ಟೆ. ಪರದೆ ಕಪ್ಪಾಗಿಯೇ ಇತ್ತು. ಗ್ರಬ್ಬಿನಲ್ಲಿ 'ಇ' ಒತ್ತಿ ಕರ್ನೆಲ್ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿದಾಗ ಅಕ್ಷರ ಕಂಡವು. ಅದನ್ನೇ ಶಾಶ್ವತ ಮಾಡಿ ಬಂದೆ.

ಉಳಿದ ಕೆಲಸ

ನಮ್ಮ ಸರ್ವರಿನ 250 ಎಂಬಿಯ ಬೂಟ್ ಪಾರ್ಟಿಷನ್ ಹೀಗೇ ಬಿಡುವಂತಿಲ್ಲ. ರೂಟ್ ಇರುವ ರೈಡನ್ನು ಗ್ರಬ್ ನೇರವಾಗಿ ಓದಬಲ್ಲದು, ಹಾಗಾಗಿ ಬೂಟಿನ ಫೈಲುಗಳನ್ನೆಲ್ಲ ರೂಟಿಗೆ ನಕಲು ಮಾಡಿ, ಮೌಂಟ್ ಪಟ್ಟಿಯಾದ ಎಫ್‌ಎಸ್‌ಟ್ಯಾಬಿನಿಂದ ಬೂಟಿನ ಸಾಲು ತೆಗೆದು, ಎರಡೂ ಡಿಸ್ಕಿಗೆ ಗ್ರಬ್ ಮತ್ತೆ ಬರೆಸಬೇಕು. ಅದನ್ನು ಸಿಡಿಲಿನ ಕಾಲ ಕಳೆದ ಮೇಲೆ, ಡಿಸೆಂಬರಿನಲ್ಲಿ, ವಾಚನಾಲಯದಲ್ಲೇ ಕೂತು ಮಾಡುತ್ತೇನೆ. ದೂರದಿಂದ ಅಲ್ಲ. ಮೇಲಿನ ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿಯಲ್ಲಿ, ಕೆಟ್ಟದ್ದಕ್ಕೆ ಬದಲಿಯಾಗಿ ಬಳಸಿದ ಸೆಕ್ಟರುಗಳ ಲೆಕ್ಕ 8 ತೋರಿಸುತ್ತಿದೆ. ಈಗಲೇ ಅವಸರವಿಲ್ಲ, ಆದರೆ ಪ್ರತಿ ಶನಿವಾರ ಆ ಅಂಕೆಯನ್ನು ಬರೆದಿಡು ಎಂದು ಹುಡುಗನಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ. ಮೊನ್ನೆಯ ಶನಿವಾರವೂ 8.